ಮುತ್ತ್ಯಾನ ಕಿವಿಗೆ ಅಡ್ಡ ನಿಂತ ಗಾಜಿನವರಿಗೆ

ಮಾನ್ಯ ಗಾಜಿನ ಪೆಟ್ಟಿಗೆಯವರೇ,

ಲಿಂಗರಾಜಪುರದ ಬಾಡಿಗೆ ಕೋಣೆಯಿಂದ ಸುಭದ್ರಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಈಗ ಭಾನುವಾರ ಸಂಜೆ ಏಳು ಗಂಟೆ. ಬೆಳಿಗ್ಗೆ ಬಟ್ಟೆ ಒಗೆದೆ, ಮಧ್ಯಾಹ್ನ ಶಿವಾಜಿನಗರದ ಬಸ್ಸು ಹಿಡಿದು ಕಂಟೋನ್ಮೆಂಟಿನ ಬೌದ್ಧ ಕಲಾ ಸಂಗ್ರಹಾಲಯಕ್ಕೆ ಬಂದು ತಮ್ಮ ದರ್ಶನ ಪಡೆದೆ. ನಾನು ಬಂದದ್ದು ತಮ್ಮೊಳಗೆ ಕುಳಿತವರ ದರ್ಶನಕ್ಕೆ. ಆದರೆ ಎಲ್ಲಿ ನಿಂತರೂ ಟ್ಯೂಬ್‌ಲೈಟು ಮತ್ತು ನನ್ನ ಮುಖವೇ ಕಂಡದ್ದರಿಂದ ಹೀಗೆ ಬರೆಯುತ್ತಿದ್ದೇನೆ.

ತಮ್ಮೊಳಗಿರುವ ಸುಣ್ಣಕಲ್ಲಿನ ಬುದ್ಧ ಭೀಮಾ ನದಿಯ ದಡದ ನಮ್ಮೂರಿನವರು. ಬುದ್ಧ ಎಂಬುದು ಪಕ್ಕದ ಫಲಕ ಓದಿ ತಿಳಿಯಿತು. ನಮಗೆ ಅವರು ಬೇವಿನ ಮರದ ಕೆಳಗಿನ ಮುತ್ತ್ಯಾ, ಅಂದರೆ ಅಜ್ಜ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರೊಬ್ಬರು ಹೋಗಿ ಮುತ್ತ್ಯಾನ ಮೇಲೆ ಒಂದು ತಂಬಿಗೆ ನೀರು ಹಾಕಿ, ಬಲಗಿವಿಗೆ ಬಾಯಿಟ್ಟು ತೀರಿಕೊಂಡವರ ಹೆಸರು ಹೇಳಬೇಕು. ಹೇಳುವ ತನಕ ಅವರು ಹೋದಂತಲ್ಲ. ಅಲ್ಲಿಯವರೆಗೆ ಊಟದ ಹೊತ್ತಿಗೆ ಅವರ ತಟ್ಟೆಗೂ ಬಡಿಸಬೇಕು. ನನ್ನ ಗಂಡ ಜಟ್ಟೆಪ್ಪ ಯುಗಾದಿಗೆ ಮುಂಚೆ ಹೋದರು. ಊರಲ್ಲಿ ವಿಚಾರಿಸಿದರೆ, "ಮುತ್ತ್ಯಾನೂ ನಿಮ್ಮ ಹಾಗೇ ಬೆಂಗಳೂರು ಸೇರಿದ್ದಾನೆ" ಎಂದರು.

ಗುಡಿಗೆ ಬಂದಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಂಬಿಗೆ ಹಿಡಿದು ಒಳಗೆ ಬಂದದ್ದು ನನ್ನ ತಪ್ಪು. ಕಾವಲಿನ ಅಮೀರ್ ಅವರು ತಂಬಿಗೆ ಇಸಿದುಕೊಂಡು, "ದೂರದಿಂದ್ಲೇ ಹೇಳ್ಬಿಡಿ ಅಮ್ಮಾ, ದೇವ್ರಿಗೆ ಕೇಳ್ಸಲ್ವಾ?" ಎಂದರು. ದೇವರಿಗಾದರೆ ಕೇಳಿಸೀತು, ನಮ್ಮ ಮುತ್ತ್ಯಾಗೆ ವಯಸ್ಸಾಗಿದೆ ಎಂದು ವಿನಯದಿಂದ ಉತ್ತರಿಸಿದೆ.

ನೊಣ ಕೂರದ, ಅರಿಸಿನ ಅಂಟದ, ಯಾರ ದುಃಖವನ್ನೂ ಒಳಗೆ ಬಿಡದ ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಮುಟ್ಟಿದರೆ ಕಲ್ಲು ಸವೆಯುತ್ತದೆ ಎಂದು ಫಲಕದಲ್ಲಿದೆ. ಒಪ್ಪುತ್ತೇನೆ. ಆ ಬಲಗಿವಿ ನುಣ್ಣಗಾಗಿದೆ. ನಮ್ಮ ಅತ್ತೆಯ ಹೆಸರು ಹೇಳುವಾಗ ಜಟ್ಟೆಪ್ಪನವರೂ ಒಂದಿಷ್ಟು ಸವೆಸಿದ್ದಾರೆ.

ನಾನು ತಮಗೆ ತುಟಿ ತಾಗಿಸಿ ಹೆಸರು ಹೇಳಿದ್ದೇ ತಡ, ತಾವು ಕೂಗಿಕೊಂಡಿರಿ. ಅಲಾರಂ ಕೇಳಿ ಶಾಲೆಯ ಮಕ್ಕಳು, ಅವರ ಟೀಚರುಗಳು, ಕಚೇರಿಯ ಸಾಹೇಬರು ಎಲ್ಲರೂ ಓಡಿ ಬಂದರು. ಜಟ್ಟೆಪ್ಪನವರ ಸುದ್ದಿಗೆ ಇಷ್ಟು ಜನ ಸೇರಿದ್ದು ಇದೇ ಮೊದಲು. ಅವತ್ತು ಹೊರಲು ನಾಲ್ವರು ಸಿಗುವುದೇ ಕಷ್ಟವಾಗಿತ್ತು. ಆ ಉಪಕಾರಕ್ಕೆ ಕೃತಜ್ಞಳು.

ಇನ್ನು ನನ್ನ ಅರಿಕೆ. ಬಾಗಿಲಿನ ಟಿಕೆಟ್ ಕೌಂಟರಿನ ಗಾಜು ತಮ್ಮ ಸಂಬಂಧಿಕರೇ ಇರಬೇಕು. ದುಡ್ಡು ಒಳಗೆ ಹೋಗಲೆಂದು ಅವರು ಒಂದು ತೂತು ಇಟ್ಟುಕೊಂಡಿದ್ದಾರೆ. ತಾವೂ ಕಿವಿಯ ನೇರಕ್ಕೆ ಅಂಥದೊಂದು ಇಟ್ಟುಕೊಳ್ಳಬೇಕು. ಆಗದಿದ್ದರೆ ಒಂದೇ ಒಂದು ನಿಮಿಷ ತಾವು ನೀರಾಗಿ ಮುತ್ತ್ಯಾನ ಮೇಲೆ ಸುರಿಯಬೇಕು, ನನ್ನ ತಂಬಿಗೆಯ ಕೆಲಸವೂ ಮುಗಿಯುತ್ತದೆ. ಅದೂ ಆಗದಿದ್ದರೆ ನಮ್ಮ ಕೋಣೆಗೆ ಬಂದು ಆ ತಟ್ಟೆಯ ಮುಂದೆ ತಾವೇ ಕೂರಬೇಕು. ಆರಿದ ರೊಟ್ಟಿಯನ್ನು ದಿನಾ ನಾನೊಬ್ಬಳೇ ತಿಂದು ಮುಗಿಸಲಾರೆ.

ತಮ್ಮ ಹೊರಗೇ ಉಳಿದ,
ತಮ್ಮ ವಿಶ್ವಾಸಿ,
ಸುಭದ್ರಮ್ಮ

ವಿ.ಸೂ.: ತಮ್ಮ ಮೇಲೆ ನನ್ನ ಉಸಿರಿನ ಮಂಜು ಕೂತಿತ್ತು, ಹೇಳಿದ ಹೆಸರು ಅಷ್ಟರವರೆಗೆ ಮಾತ್ರ ಬಂದಿತ್ತು. ಅಮೀರ್ ಅವರು ಅದನ್ನು ಬಟ್ಟೆಯಿಂದ ಒರೆಸಿ, "ಈಗ ಕ್ಲೀನ್ ಆಯ್ತು" ಎಂದರು. ಅಭಿನಂದನೆಗಳು. ನಾಳೆ ಸೋಮವಾರ, ತಮಗೆ ರಜೆ. ನಮ್ಮಲ್ಲಿ ನಾಳೆಯೂ ಎರಡು ತಟ್ಟೆ.