ಹನ್ನೆರಡು ಟಿಕ್ಕಿನ ಡ್ರೈವರ್

ಲಾರಿ ಹೊರಡುವ ಮುನ್ನ ಡ್ರೈವರು ತುಂಬಬೇಕಾದ ತಪಾಸಣೆ ಹಾಳೆಯೊಂದಿದೆ. ಬ್ರೇಕು, ದೀಪ, ಟೈರು, ಕನ್ನಡಿ ಎಂದು ಸಾಲಾಗಿ ಚೌಕಗಳು. ಒಂದೊಂದನ್ನೂ ಓದಿ ಟಿಕ್ ಹಾಕಬೇಕೆಂಬುದು ಕಂಪನಿಯ ನಿಯಮ. ಹಾಳೆ ಕೈಗೆ ಬಂದೊಡನೆ ಮೇಲಿಂದ ಕೆಳಕ್ಕೆ ಸರಸರನೆ ಟಿಕ್ ಎಳೆದು ಸಹಿ ಜಡಿಯುವುದು ಡ್ರೈವರುಗಳ ರೂಢಿ. ಬ್ರೇಕು ಹಿಡಿಯುತ್ತದೋ ಇಲ್ಲವೋ ಕಾಲಿಗೆ ಗೊತ್ತಾಗುತ್ತದೆ, ಪೆನ್ನಿಗೇನು ಗೊತ್ತು ಎಂಬುದು ಅವರಲ್ಲೊಬ್ಬನಾದ ಟಾಪ್‌ಗೇರನ ವಾದ.

ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಆಸಾಮಿ. ಏನು ಮಾಡಿದರೂ ಅವಸರದಲ್ಲೇ ಮಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಅಂದಂತೂ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೂರು ವರ್ಷ ಕಾದ ಮೇಲೆ ಹೊಸ ಲಾರಿಯೊಂದು ಅವನ ಪಾಲಿಗೆ ಬಂದಿತ್ತು. ಮಧ್ಯಾಹ್ನ ಮೂರಕ್ಕೆ ಮೊದಲ ಟ್ರಿಪ್ಪು. ಹಳೆ ಲಾರಿಯ ಸೀಟು ಅವನ ಸೊಂಟವನ್ನು ಅರೆದುಹಾಕಿತ್ತು. ಹೊಸ ಸೀಟಿನಲ್ಲಿ ಒಮ್ಮೆ ಕೂತು ನೋಡಿದವನು ಇಳಿಯಲು ಮನಸ್ಸಾಗದೆ ಬೆಳಗಿನ ತಿಂಡಿಯ ಡಬ್ಬಿಯನ್ನೂ ಅಲ್ಲೇ ಬಿಚ್ಚಿದ್ದ.

ಬೆಳಗ್ಗೆ ತರಬೇತಿ ಕೊಡಲು ಬಂದ ಮೇಡಂ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಟಾಪ್‌ಗೇರ್ ನಿಂತಲ್ಲೇ ಹನ್ನೆರಡು ಟಿಕ್ ಎಳೆದು, ಸಹಿ ಹಾಕಿ, ಎಲ್ಲರಿಗಿಂತ ಮೊದಲು ಕೊಟ್ಟೆನೆಂದು ಮೀಸೆ ತಿರುವಿದ.

ಆ ಹಾಳೆಯ ತಲೆಬರಹ ‘ನನಗೆ ಬಾರದ ಕೆಲಸಗಳು’ ಎಂದಿತ್ತು. ಮೊದಲನೆಯದು ಓದುವುದು. ಆಮೇಲೆ ಬರೆಯುವುದು, ಲೆಕ್ಕ ಹಾಕುವುದು, ನಾಲ್ಕು ಜನರ ಜೊತೆ ಮಾತಾಡುವುದು. ಹನ್ನೆರಡನೆಯದು ಯೋಚಿಸುವುದು.

ಹತ್ತು ಗಂಟೆಗೆ ಮ್ಯಾನೇಜರ್ ಕೋಣೆಯಿಂದ ಕರೆ ಬಂತು.

“ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರು ನೀವೊಬ್ಬರೇ” ಎಂದರು ಮೇಡಂ, ಮೆತ್ತಗೆ.

“ಮೇಡಂ, ನಾನು ಅದನ್ನ ಓದಲೇ ಇಲ್ಲ.”

“ಗೊತ್ತು. ಓದೋಕೆ ಬರಲ್ಲ ಅಂತ ನೀವೇ ಹೇಳಿದ್ದೀರಲ್ಲ.”

“ಹಾಗಲ್ಲ, ಓದದೇನೇ ಟಿಕ್ ಹಾಕಿಬಿಟ್ಟೆ.”

ಮ್ಯಾನೇಜರ್ ಕನ್ನಡಕ ಕೆಳಗಿಳಿಸಿ ನೋಡಿದರು. “ಹೌದೇನಪ್ಪಾ? ಹಾಗಾದ್ರೆ ತಪಾಸಣೆ ಹಾಳೆಗಳನ್ನೂ ಹೀಗೇ ತುಂಬಿಸ್ತೀಯಾ?”

ಟಾಪ್‌ಗೇರ್ ಹೌದೆಂದರೂ ಕೆಟ್ಟ, ಇಲ್ಲವೆಂದರೂ ಕೆಟ್ಟ. ಹೊಸ ಲಾರಿಯ ಕೀ ಮ್ಯಾನೇಜರ ಮೇಜಿನ ಡ್ರಾಯರ್ ಸೇರಿತು.

ಈ ಸುದ್ದಿಯನ್ನು ಯಾರ್ಡಿಗೆಲ್ಲ ಹರಡಿದವನು ಹಾರ್ನ್. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಡ್ರೈವರ್ ಅವನು, ಮನಸ್ಸೇನೋ ಒಳ್ಳೆಯದೇ. ಟಾಪ್‌ಗೇರನ ಕೈ ಹಿಡಿದು ಶೌಚಾಲಯದವರೆಗೆ ನಡೆಸಿಕೊಂಡು ಹೋಗಿ, “ಬಾಗಿಲ ಮೇಲೆ ಮೀಸೆ ಚಿತ್ರ ಇದೆ ನೋಡು, ಅದು ನಮ್ಮದು” ಎಂದ. ಕ್ಯಾಂಟೀನಿನ ಅಮ್ಮ ಟೀ ಲೋಟ ಕೊಡುತ್ತಾ, “ಬಿಸಿ ಇದೆ ಕಂದಾ, ಊದಿ ಕುಡಿ” ಎಂದಳು. ಅಷ್ಟರಲ್ಲಿ ಹೆಂಡತಿಯ ಫೋನು. ಹಾರ್ನ್ ಮನೆಗೂ ತಿಳಿಸಿದ್ದ.

“ಅಂಗಡಿ ಚೀಟೀಲಿ ಬರೆದಿದ್ದನ್ನ ಅರ್ಧ ಬಿಟ್ಟು ಬರ್ತಿದ್ರಲ್ಲ, ಎಷ್ಟು ಬೈದೆ ರೀ ನಾನು” ಎಂದು ಆಕೆ ಬಿಕ್ಕಿದಳು. “ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ?”

“ನಂಗೆ ಓದೋಕೆ ಬರುತ್ತೆ ಕಣೇ.”

ಅಳು ತಟ್ಟನೆ ನಿಂತಿತು. “ಹಾಗಾದ್ರೆ ಸಾಮಾನು ಯಾಕೆ ತರ್ತಿರಲಿಲ್ಲ?”

“ಬರಲ್ಲ ಬಿಡು” ಎಂದು ಫೋನ್ ಇಟ್ಟ.

ಈಗ ಅವನ ಮೈಯೆಲ್ಲ ಉರಿಯಿತು. ಮೂರು ಗಂಟೆಯೊಳಗೆ ಕೀ ಕೈಗೆ ಬರಲೇಬೇಕು. ಕಂಪನಿಯ ನಿಯಮಾವಳಿಯನ್ನು ಬೀರುವಿನಿಂದ ಎಳೆದು, ಕೀ ವಾಪಸು ಕೇಳುವ ನಿಯಮವನ್ನು ಮೂವತ್ತನೆಯ ಪುಟದಲ್ಲಿ ಹುಡುಕಿ ತೆಗೆದ. ಎರಡು ಪುಟದ ಅರ್ಜಿ ಬರೆದ. ಹತ್ತೊಂಬತ್ತು ಡ್ರೈವರುಗಳ ಮನವೊಲಿಸಿ ಸಹಿ ಹಾಕಿಸಿದ. ಮೂರರ ಟ್ರಿಪ್ಪಿಗೆ ಗೋದಾಮಿನವರು ತಪ್ಪಾಗಿ ಹಾಕಿದ್ದ ತೂಕದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ತಾನೇ ಸರಿಪಡಿಸಿದ. ಎರಡೂವರೆಗೆ ಮ್ಯಾನೇಜರ ಎದುರು ನಿಂತು ಕಾಲು ಗಂಟೆ ಎಲ್ಲೂ ತಡವರಿಸದೆ ವಾದಿಸಿದ.

ಮೇಡಂ ಕಣ್ಣಲ್ಲಿ ನೀರು. “ಬೆಳಗ್ಗೆ ಹನ್ನೆರಡರಲ್ಲಿ ಒಂದೂ ಬರ್ತಿರಲಿಲ್ಲ. ಈಗ ನೋಡಿ, ಹನ್ನೆರಡೂ ಬರುತ್ತೆ.”

“ಪಾಠ ಇನ್ನೂ ಶುರುವೇ ಆಗಿಲ್ಲವಲ್ಲ ಮೇಡಂ” ಎಂದರು ಮ್ಯಾನೇಜರ್.

“ಬರೀ ಹಾಳೆ ತುಂಬಿಸಿದ್ದಕ್ಕೇ ಇಷ್ಟು ಸಾರ್.”

ಮುಖ್ಯ ಕಚೇರಿಗೆ ಫೋನ್ ಹೋಯಿತು. ಐದೇ ನಿಮಿಷದಲ್ಲಿ ತೀರ್ಮಾನವೂ ಬಂತು: ಕಂಪನಿಯ ಹದಿನಾಲ್ಕು ಯಾರ್ಡುಗಳಿಗೂ ಟಾಪ್‌ಗೇರ್ ಹೋಗಬೇಕು. ಏನೂ ಬಾರದಿದ್ದ ತಾನು ತರಬೇತಿಯಿಂದ ಮನುಷ್ಯನಾದ ಕತೆಯನ್ನು ವೇದಿಕೆ ಹತ್ತಿ ಹೇಳಬೇಕು. ಒಂದು ವರ್ಷ.

“ಹೊಸ ಲಾರಿ?” ಎಂದ ಟಾಪ್‌ಗೇರ್.

“ಅದರಲ್ಲೇ ಹೋಗೋದು. ಇವತ್ತೇ, ಮೂರು ಗಂಟೆಗೆ” ಎಂದರು ಮ್ಯಾನೇಜರ್.

ಅವನ ಮುಖ ಊರಗಲವಾಯಿತು. ಹೇಳುವುದೇನು, ವರ್ಷವಿಡೀ ಹೇಳಿದರಾಯಿತು. ಕೀಗೆ ಕೈ ಚಾಚಿದ.

“ಭಾಷಣ ಮಾಡೋರಿಗೆ ದಣಿವಾಗಬಾರದು” ಎಂದು ಮೇಡಂ ಅಕ್ಕರೆಯಿಂದ ತಡೆದರು. “ಓಡಿಸೋಕೆ ಬೇರೆಯವರನ್ನ ಹಾಕಿದ್ದೀವಿ.”

ಮೂರಕ್ಕೆ ಸರಿಯಾಗಿ ಲಾರಿ ಹೊರಟಿತು. ಹಾರ್ನ್ ಡ್ರೈವರ್ ಸೀಟಿಗೆ ಒರಗಿ, “ಅಬ್ಬಾ, ಸೊಂಟಕ್ಕೆ ಎಷ್ಟು ಹಿತವಾಗಿದೆ ಮಾರಾಯಾ” ಎಂದ. ಪಕ್ಕದಲ್ಲಿ ಟಾಪ್‌ಗೇರ್ ಆ ಸೀಟನ್ನೇ ನೋಡುತ್ತ ಕೂತಿದ್ದ.

“ಸುಮ್ಮನೆ ಕೂರಬೇಡ. ಹೊಸದಾಗಿ ಕಲಿತಿದ್ದೀಯಾ, ರೂಢಿ ತಪ್ಪಬಾರದಂತೆ” ಎಂದ ಹಾರ್ನ್. “ದಾರೀಲಿ ಸಿಗೋ ಬೋರ್ಡನ್ನೆಲ್ಲ ನಿನ್ನ ಕೈಲಿ ಜೋರಾಗಿ ಓದಿಸು ಅಂತ ಮೇಡಂ ಹೇಳಿದ್ದಾರೆ. ಹೂಂ, ಶುರು ಮಾಡು.”

ಆರುನೂರು ಕಿಲೋಮೀಟರ್ ದಾರಿ ಮುಂದಿತ್ತು. ಟಾಪ್‌ಗೇರ್ ಗೇಟಿನ ಬೋರ್ಡನ್ನು ಓದಿದ.

“ಚೆನ್ನಾಗಿ ಓದ್ತೀಯ” ಎಂದ ಹಾರ್ನ್. “ಇನ್ನೂ ಸ್ವಲ್ಪ ಜೋರಾಗಿ.”