ಇಲ್ಲದ ಪಂಖಾದ ಪಟ್ಟಿ

ಕಾಗದ ಕಂಡರೆ ಉರಿದುಬೀಳುವ ಗುಮಾಸ್ತರನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ರಾಜಾಜಿನಗರದ ನಮ್ಮ ಮನೆಗೆ ಬನ್ನಿ. ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರಾಗಿರುವ ನನ್ನ ಸೋದರಮಾವ ನಮ್ಮ ಜೊತೆಯಲ್ಲೇ ಇದ್ದಾರೆ.

ಆ ದಿನವೂ ಎಂದಿನಂತೆ ಬೀದಿ ನಲ್ಲಿಯಲ್ಲಿ ನೀರು ಹಿಡಿದು, ಒಲೆ ಹೊತ್ತಿಸಿ, ಕಾಫಿ ಸೋಸುತ್ತಿದ್ದೆ. ದೋಬಿಗೆಂದು ನಾನು ಬರೆದಿಟ್ಟ ಬಟ್ಟೆಪಟ್ಟಿ ಮಾವನ ಕಣ್ಣಿಗೆ ಬಿತ್ತು.

“ಮನೇಲೂ ಪಟ್ಟಿಯೇನೇ!” ಹರಿದು ಒಲೆಗೆ ಹಾಕಿದರು. ಹೋದ ತಿಂಗಳು ಹೀಗೇ ಹರಿದಾಗ ಅವರ ಪಂಚೆಯ ಬದಲು ಯಾರದೋ ಲಂಗ ಬಂದಿತ್ತು! ಬುದ್ಧಿ ಬಂತೆ? ಉಹುಂ.

ತಪ್ಪು ಅವರದಲ್ಲ ಬಿಡಿ. ಅವರ ಕಚೇರಿಯಲ್ಲಿ ಕರೆಂಟಿನ ಫ್ಯಾನು ಬಂದು ವರ್ಷಗಳೇ ಆದವು. ಆದರೂ ಹಗ್ಗ ಹಿಡಿದು ಎಳೆಯುವ ಹಳೆಯ ಬಟ್ಟೆಪಂಖಾದ ಪಟ್ಟಿಯನ್ನು ತಿಂಗಳು ತಿಂಗಳೂ ನಾಲ್ಕು ಪ್ರತಿ ಬರೆದು ಕಳಿಸಬೇಕು! ಪಂಖಾ ಎಷ್ಟು? ಇಲ್ಲ. ಎಳೆಯುವವರು? ಒಬ್ಬ. ಹಗ್ಗ ಎಷ್ಟು ಸವೆದಿದೆ? ಸವೆದಿಲ್ಲ. ಯಾಕೆ ಸವೆದಿಲ್ಲ? ಅದಕ್ಕೊಂದು ವಿವರಣೆ! ಕಾರ್ಬನ್ ಒತ್ತಿ ಒತ್ತಿ ಮಾವನ ಕಿರುಬೆರಳು ನೇರಳೆಹಣ್ಣಾಗಿದೆ. ಒಮ್ಮೆ ಕೋಪದಿಂದ ಕಳಿಸಲೇ ಇಲ್ಲ. ಮೇಲಿನಿಂದ ಜ್ಞಾಪನ ಬಂತು, ಅದೂ ನಾಲ್ಕು ಪ್ರತಿ!

“ಕಾನ್ವೆಂಟಲ್ಲಿ ಓದಿದೋಳು ನೀನು, ಹೇಳೇ. ಇಲ್ಲದ ಹಗ್ಗ ಹೇಗೆ ಸವೆಯತ್ತೆ?”

“ನೀವು ಬೈದೂ ಬೈದೂ ಸವೆಸಿರ್ತೀರಿ ಮಾವ!”

ಅಂದು ಮಾತ್ರ ಅವರು ನಕ್ಕರು. ಕೆಲಸಕ್ಕೆ ಬಾರದ ಪಟ್ಟಿಗಳನ್ನು ಸಂಜೆಯೊಳಗೆ ಹೊಡೆದುಹಾಕಿ ಎಂದು ಆಜ್ಞೆ ಬಂದಿತ್ತಂತೆ. ಕೆಂಪು ಪೆನ್ಸಿಲ್ ಹೆರೆದು ಜೇಬಿಗಿಟ್ಟು, “ಮೊದಲು ಪಂಖಾದ ಕತ್ತು!” ಎನ್ನುತ್ತಾ ಕೊಡೆ ಬೀಸಿಕೊಂಡು ಹೊರಟರು.

ಸಂಜೆ ಬಂದವರು ಕಾಫಿ ಮುಟ್ಟಲಿಲ್ಲ.

“ಪಂಖಾ ಹೋಯ್ತಾ ಮಾವ?”

“ಹದಿನೇಳು ಪಟ್ಟಿ ಹೊಡೆದೆ ಕಣೇ. ಅದೊಂದು ಬಿಟ್ಟೆ.”

“ಅಯ್ಯೋ, ಯಾಕೆ?”

“ಪಂಖಾ ಎಳೆಯೋನ ಹೆಸರಿರೋದು ಅದೊಂದರಲ್ಲೇ. ಈಗ ನೀರು ತುಂಬ್ತಾನೆ, ಫೈಲು ಹೊರ್ತಾನೆ. ಆದ್ರೆ ಪಟ್ಟಿ ಹೋದ್ರೆ ಅವನೂ ಮನೆಗೆ. ಪಿಂಚಣಿಗೆ ಇನ್ನೆರಡೇ ವರ್ಷ.” ಮತ್ತೆ ಸಿಡುಕಿದರು. “ಅಷ್ಟು ವರ್ಷ ಗಾಳಿ ಹಾಕಿದ ಮನುಷ್ಯನ ಹೆಸರು ಬರೆಯೋಕೆ ಸರ್ಕಾರದಲ್ಲಿ ಇನ್ನೊಂದು ಹಾಳೆ ಇಲ್ವಂತೆ! ಥೂ!”

ಆಮೇಲೆ ವರಾಂಡದಲ್ಲಿ ಕೂತು, ಮುಂದಿನ ತಿಂಗಳ ಪಂಖಾ ಪಟ್ಟಿಗೆ ರೂಲುದೊಣ್ಣೆ ಇಟ್ಟು ಗೆರೆ ಎಳೆಯತೊಡಗಿದರು. ಇಷ್ಟು ನೇರವಾದ ಗೆರೆಗಳನ್ನು ಅವರು ಎಳೆದದ್ದು ನಾನು ನೋಡಿರಲಿಲ್ಲ.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಅತ್ತ ನೋಡಿದರು.

“ಏನ್ರೀ, ಕಚೇರಿ ಕೆಲ್ಸ ಮನೇಗೂ ತಂದ್ಬಿಟ್ರಾ? ಕೆಲವರಿಗೆ ಕಾಗದ ಅಂದ್ರೆ ಪ್ರಾಣ, ಅಲ್ವೇ!”