ಪಾಡ್ಮೋರ್ ಪಾದ್ರಿಯ ಮೂರನೆಯ ಭಾಗ

ಆ ಬೆಳಗ್ಗೆ ಸಹಾಯಕ ಪಾದ್ರಿ ಲ್ಯೂಕ್ ಪಾಡ್ಮೋರ್ ಅವರ ತಟ್ಟೆಯಲ್ಲಿ ಎರಡು ಮೊಟ್ಟೆಗಳಿದ್ದವು. ತೊಂದರೆ ಶುರುವಾದದ್ದೇ ಅಲ್ಲಿಂದ. ಬಾಡಿಗೆಗೆ ಬಂದ ಒಂದೂವರೆ ವರ್ಷದಲ್ಲಿ ಮನೆಯೊಡತಿ ಮಿಸೆಸ್ ಕ್ರೌಸನ್ ಒಂದಕ್ಕಿಂತ ಹೆಚ್ಚು ಮೊಟ್ಟೆ ಬಡಿಸಿದವಳಲ್ಲ.

"ಒಂದು ಹೆಚ್ಚಿಗೆ ಬಂದ ಹಾಗಿದೆ," ಎಂದರು ಪಾಡ್ಮೋರ್.

"ತಿನ್ನಿ ಅಯ್ಯನೋರೆ. ಇವತ್ತೊಂದು ದಿನ ಬೇಡ ಅನ್ನಬೇಡಿ." ಆಕೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಇವತ್ತೇನು ವಿಶೇಷ?"

"ನವೆಂಬರ್ ಹನ್ನೊಂದು, ಸಂತ ಮಾರ್ಟಿನರ ದಿನ ಅಲ್ವಾ. ಪುಸ್ತಕದಲ್ಲಿ ಹಾಗೇ ಇದೆ."

ಪುಸ್ತಕವೆಂದರೆ ಯಾವುದು ಎಂದು ಪಾಡ್ಮೋರ್ ಕೇಳಬೇಕಾಗಿರಲಿಲ್ಲ. ಮೂರು ಭಾಗಗಳ ಆ ಕಾದಂಬರಿಯ ಮೇಲೆ 'ಒಬ್ಬ ಮಹಿಳೆ ಬರೆದದ್ದು' ಎಂದಷ್ಟೇ ಅಚ್ಚಾಗಿತ್ತು. ಆದರೆ ಅದನ್ನು ಬರೆದವಳು ದೊಡ್ಡ ಪಾದ್ರಿ ಥೊರಾಲ್ಡರ ಎರಡನೆಯ ಮಗಳು ಹೆಸ್ಟರ್ ಎಂಬುದು ಆ ಜೌಗು ಊರಿನ ಬಾತುಕೋಳಿಗಳಿಗೂ ಗೊತ್ತಿತ್ತು. ಜಮೀನ್ದಾರರ ಮನೆಯಾಕೆ ಮೊದಲೆರಡು ಭಾಗಗಳನ್ನು ಊರಿಗೆ ಓದಲು ಕೊಟ್ಟಿದ್ದಳು. ಮೂರನೆಯದನ್ನು ಅವಳ ಅಳಿಯ ಲಂಡನ್ನಿಗೆ ಒಯ್ದುಬಿಟ್ಟಿದ್ದ.

"ಅದರಲ್ಲಿ ಟಿಪ್ಪೆಟ್ ಅಂತ ಒಬ್ಬ ಪಾದ್ರಿ ಬರ್ತಾರೆ," ಎಂದಳು ಮಿಸೆಸ್ ಕ್ರೌಸನ್. "ಉದ್ದಕ್ಕೆ, ಸಣ್ಣಕ್ಕೆ, ಕೊಕ್ಕರೆ ಥರ. ಆಮೆನ್ ಅನ್ನೋಕೆ ಮುಂಚೆ ಮೂರು ಸಲ ಸೀನ್ತಾರೆ. ರೊಟ್ಟಿ ಅಂಚನ್ನ ಮೊದಲು ತಿಂದು ಮಧ್ಯದ್ದನ್ನ ಕೊನೆಗೆ ತಿಂತಾರೆ."

ಅಂಚು ಕಚ್ಚುತ್ತಿದ್ದ ಪಾಡ್ಮೋರ್ ರೊಟ್ಟಿಯನ್ನು ಕೆಳಗಿಟ್ಟರು.

ಅವಳು ತಂದುಕೊಟ್ಟ ಎರಡನೆಯ ಭಾಗದ ಕೊನೆಯ ಅಧ್ಯಾಯವನ್ನು ಅವರು ನಿಂತೇ ಓದಿದರು. ಮಾರ್ಟಿನರ ದಿನ ಬೆಳಗ್ಗೆ ಟಿಪ್ಪೆಟ್ಟರ ಕೋಟಿನ ಮೂರನೆಯ ಗುಂಡಿ ಕಿತ್ತುಬರುತ್ತದೆ. ಸ್ಮಶಾನದ ಬಾಗಿಲಲ್ಲಿ ಸವಾರನಿಲ್ಲದ ಬಿಳಿ ಕುದುರೆಯೊಂದು ನಿಂತಿರುತ್ತದೆ. ಮಧ್ಯಾಹ್ನ ಸಮುದ್ರದ ಮೇಲಿಂದ ಮಂಜು ಬರುತ್ತದೆ. ಟಿಪ್ಪೆಟ್ ಕಡಲ ಏರಿಯ ಮೇಲೆ ಒಬ್ಬರೇ ನಡೆದು ಹೋಗುತ್ತಾರೆ. ಮುಂದಿನ ಪುಟ ಖಾಲಿ.

ಇವೆಲ್ಲ ಹೆಂಗಸರ ಕಲ್ಪನೆ ಅಂದುಕೊಂಡು ಅವರು ಕೋಟು ತೊಟ್ಟರು. ಮೂರನೆಯ ಗುಂಡಿ ಕೈಯಲ್ಲೇ ಉಳಿಯಿತು.

ಚರ್ಚಿನ ಅಂಗಳದಲ್ಲಿ ಗೋರಿ ತೋಡುವ ಮುದುಕ ಸ್ಟಬ್ಸ್ ಸನಿಕೆಗೆ ಒರಗಿ ಇವರನ್ನೇ ಕಾಯುತ್ತಿದ್ದ.

"ಅಯ್ಯನೋರೆ, ಒಂಚೂರು ನೆಟ್ಟಗೆ ನಿಲ್ಲಿ." ಸ್ಟಬ್ಸ್ ಸನಿಕೆಯ ಕಾವನ್ನು ಅವರ ಪಕ್ಕ ನಿಲ್ಲಿಸಿದ. "ಆರಡಿ. ಟೋಪಿ ಬಿಟ್ಟು."

"ನಾನಿನ್ನೂ ಬದುಕಿದೀನಿ ಸ್ಟಬ್ಸ್."

"ಅದಕ್ಕೇ ಈಗ ಅಳೀತಿರೋದು. ನೀರಿಗೆ ಬಿದ್ದೋರು ಆಮೇಲೆ ಊದಿರ್ತಾರೆ, ಲೆಕ್ಕ ಸಿಗಲ್ಲ. ಗೋಡೆ ಪಕ್ಕ ಆಗಬಹುದಾ, ಮರದ ಕೆಳಗೆ ಬೇಕಾ? ಮರದ ಕೆಳಗೆ ಬೇರು ಜಾಸ್ತಿ, ನನಗೆ ಸೊಂಟ ನೋವು."

"ನಾನು ಏರಿ ಕಡೆ ಹೋಗೋದೇ ಇಲ್ಲ."

"ಟಿಪ್ಪೆಟ್ಟೂ ಹಾಗೇ ಅಂದಿದ್ರು," ಎಂದ ಸ್ಟಬ್ಸ್. "ನೂರಾ ತೊಂಬತ್ತನೇ ಪುಟ."

ಸ್ಮಶಾನದ ಬಾಗಿಲ ಬಳಿ ಏನೋ ಬುಸುಗುಟ್ಟಿದಂತಾಯಿತು. ಪಾಡ್ಮೋರ್ ತಿರುಗಿದರು. ಬಿಳಿ ಹೆಣ್ಣು ಕುದುರೆಯೊಂದು ಕಂಬಿಯ ಮೇಲೆ ಗಲ್ಲವಿಟ್ಟು ಅವರನ್ನೇ ನೋಡುತ್ತಿತ್ತು. ಬೆನ್ನ ಮೇಲೆ ಜೀನು ಇತ್ತು, ಸವಾರ ಇರಲಿಲ್ಲ. ಸ್ಟಬ್ಸ್ ಟೋಪಿ ತೆಗೆದ.

ಇನ್ನು ಉಳಿದ ದಾರಿ ಒಂದೇ. ಬರೆದವಳನ್ನೇ ಕೇಳುವುದು. ಥೊರಾಲ್ಡರ ಮನೆಗೆ ಎರಡು ಹಾದಿಗಳಿದ್ದವು, ಏರಿಯ ಮೇಲಿನದು ಮತ್ತು ಹುಲ್ಲುಗಾವಲಿನ ನಡುವಿನದು. ಪಾಡ್ಮೋರ್ ಹುಲ್ಲುಗಾವಲಿನ ಹಾದಿ ಹಿಡಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಮಂಜು ಇಳಿಯಿತು. ಮೊದಲು ಬೇಲಿ ಮರೆಯಾಯಿತು, ಆಮೇಲೆ ಕಾಲು ದಾರಿ, ಆಮೇಲೆ ಅವರದೇ ಕಾಲು. ಬೆನ್ನ ಹಿಂದೆ ಇರಬೇಕಿದ್ದ ಚರ್ಚಿನ ಗಂಟೆ ಎದುರಿನಿಂದ ಕೇಳಿಸಿತು. ಅವರು ತಿರುಗಿ ನಡೆದರು. ನೆಲ ಮೆಲ್ಲಗೆ ಏರತೊಡಗಿತು. ಎಡಗಡೆ ಯಾವುದೋ ದೊಡ್ಡ ಪ್ರಾಣಿ ನಿದ್ದೆಯಲ್ಲಿ ಉಸಿರಾಡಿದಂಥ ಸದ್ದು. ಅದು ಸಮುದ್ರ ಎಂದು ತಿಳಿಯುವ ಹೊತ್ತಿಗೆ ಅವರು ಏರಿಯ ನಟ್ಟನಡುವೆ ಇದ್ದರು.

ಹಿಂದೆ ಗೊರಸಿನ ಸಪ್ಪಳ. ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಕೊನೆಗೆ ಅವರ ಕತ್ತಿನ ಮೇಲೆ ಬೆಚ್ಚಗಿನ ಉಸಿರು ಬಿತ್ತು. ಪಾಡ್ಮೋರ್ ಪ್ರಾರ್ಥನೆ ಶುರು ಮಾಡಿ, ಅದನ್ನು ಮುಗಿಸದೆ ಓಡಿದರು. ಏರಿಯ ಒಳಬದಿಗೆ ಜಾರಿ ಕಾಲುವೆಗೆ ಬಿದ್ದರು, ಒಂದು ಬೂಟನ್ನು ಕೆಸರಿಗೆ ಕೊಟ್ಟು ನಾಲ್ಕು ಕಾಲಲ್ಲಿ ಹತ್ತಿ, ಬೆಳಕು ಕಂಡ ಮೊದಲ ಬಾಗಿಲನ್ನು ಬಡಿದರು.

ತೆರೆದವಳು ಥೊರಾಲ್ಡರ ಹಿರಿಯ ಮಗಳು ಲವಿನಿಯಾ. ತಲೆಯ ಮೇಲೆ ಪಾಚಿ ಹೊತ್ತು ಒಂಟಿ ಬೂಟಿನಲ್ಲಿ ನಿಂತ ಮನುಷ್ಯನನ್ನು ಅವಳು ಒಂದು ಗಳಿಗೆ ನೋಡಿ, ಒಳಕ್ಕೆ ತಿರುಗಿ ಸಮಾಧಾನವಾಗಿ ಹೇಳಿದಳು:

"ಹೆಸ್ಟರ್, ನಿನ್ನ ಪುಸ್ತಕದಿಂದ ಒಬ್ಬರು ಬಂದಿದಾರೆ."

"ಸತ್ತವರಾ, ಬದುಕಿದವರಾ?" ಒಳಗಿನಿಂದ ಮುದುಕ ಥೊರಾಲ್ಡರ ದನಿ. ಅವರಿಗೆ ಕಣ್ಣು ಮಂಜಾಗಿ ವರ್ಷಗಳಾಗಿದ್ದವು.

"ಇನ್ನೂ ಗೊತ್ತಿಲ್ಲ ಅಪ್ಪ."

ಹೆಸ್ಟರ್ ಬೆಂಕಿಯ ಪಕ್ಕ ಶಾಲು ಹೊದ್ದು ಕುಳಿತಿದ್ದಳು. ಅವಳ ತಲೆಯ ಮೇಲಿನ ಗೋಡೆಯಲ್ಲಿ ಐದು ಕೊಕ್ಕೆ, ಐದು ಬಟ್ಟಲು. ಆ ಮನೆಯ ಐದು ಮಕ್ಕಳಲ್ಲಿ ಮೂವರನ್ನು ಎದೆಯ ಕಾಯಿಲೆ ಒಬ್ಬರಾದ ಮೇಲೆ ಒಬ್ಬರಂತೆ ಕೊಂಡೊಯ್ದಿತ್ತು. ಅವರ ಬಟ್ಟಲುಗಳನ್ನು ಲವಿನಿಯಾ ವಾರಕ್ಕೊಮ್ಮೆ ಒರೆಸಿ ಮತ್ತೆ ತೂಗುಹಾಕುತ್ತಿದ್ದಳು.

"ನನ್ನನ್ನ ಯಾಕೆ ಬರೆದಿರಿ ಮಿಸ್ ಹೆಸ್ಟರ್?" ಪಾಡ್ಮೋರರ ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು. "ನಾನು ನಿಮಗೇನು ಮಾಡಿದ್ದೆ?"

"ನಿಮ್ಮನ್ನ ಬರೆದಿಲ್ಲ." ಅವಳ ದನಿ ತೆಳ್ಳಗಿತ್ತು. "ನೀವು ಊರಿಗೆ ಬಂದಿದ್ದು ಹೋದ ವರ್ಷ ಈಸ್ಟರಿಗೆ. ನಾನು ಟಿಪ್ಪೆಟ್ಟರನ್ನ ಬರೆದು ಮುಗಿಸಿದ್ದು ಅದಕ್ಕೂ ಹಿಂದಿನ ಚಳಿಗಾಲ. ಮೊದಲನೇ ಭಾನುವಾರ ನೀವು ನಿಂತ್ಕೊಂಡು ಮೂರು ಸಲ ಸೀನಿದ್ರಲ್ಲ, ಆಗ ನಾನೂ ಲವಿನಿಯಾನೂ ಒಬ್ಬರ ಕೈ ಒಬ್ಬರು ಹಿಡ್ಕೊಂಡ್ವಿ."

ಬೆಂಕಿಯಲ್ಲಿ ಕೊಳ್ಳಿಯೊಂದು ಮುರಿದು ಬಿತ್ತು. ಪಾಡ್ಮೋರ್ ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿದರು.

"ಮೂರನೇ ಭಾಗದಲ್ಲಿ ನಾನು ಏನಾಗ್ತೀನಿ?"

ಹೆಸ್ಟರ್ ಅಕ್ಕನ ಕಡೆ ನೋಡಿದಳು. ಲವಿನಿಯಾ ತಲೆ ತಗ್ಗಿಸಿ ಚಹಾ ಬಗ್ಗಿಸತೊಡಗಿದಳು.

"ಏರಿ ದಾಟಿ ಒಂದು ಮನೆಗೆ ಬರ್ತೀರಿ. ಚೆನ್ನಾಗಿರ್ತೀರಿ. ಎಂಬತ್ತರವರೆಗೆ ಬದುಕ್ತೀರಿ."

ಪಾಡ್ಮೋರರಿಗೆ ಕೊರಳಿನ ಉರುಳು ಬಿಚ್ಚಿದಂತಾಯಿತು. ಕೊಟ್ಟ ಕೇಕನ್ನು ಅಂಚು ಮಧ್ಯ ನೋಡದೆ ತಿಂದರು, ಎರಡನೆಯದನ್ನೂ ತಿಂದರು. ಹಾಗೇ ಬಾಯಿಮಾತಿಗೆ ಕೇಳಿದರು: "ಹಾಗಾದ್ರೆ ಸಾಯೋದು ಯಾರು?"

"ಆ ಮನೆ ಎರಡನೇ ಮಗಳು. ಮಾರ್ಚ್‌ನಲ್ಲಿ. ಮಣ್ಣು ಮಾಡುವಾಗ ಪ್ರಾರ್ಥನೆ ಓದೋದು ಟಿಪ್ಪೆಟ್ಟೇ."

ಅವಳ ಕೈಯಲ್ಲಿದ್ದ ಕರವಸ್ತ್ರದ ಮೇಲಿನ ರಕ್ತದ ಕಲೆಯನ್ನು ಪಾಡ್ಮೋರ್ ಆಗಷ್ಟೇ ಗಮನಿಸಿದರು. ನೀರು ಕುಡಿದು, ಎದ್ದು ನಿಂತು, ತಮಗೇ ಆಶ್ಚರ್ಯವಾಗುವಂಥ ಮಾತೊಂದನ್ನು ಹೇಳಿದರು.

"ಅದನ್ನ ಬದಲಾಯಿಸಿ. ಬೇಕಾದ್ರೆ ನಾನು ಏರಿ ಮೇಲೆ ವಾಪಸ್ ಹೋಗ್ತೀನಿ."

ಹೆಸ್ಟರ್ ನಕ್ಕಳು. ನಕ್ಕು ಕೆಮ್ಮಿದಳು. "ಟಿಪ್ಪೆಟ್ ಹೀಗೆ ಹೇಳಲ್ಲ."

"ಏನು ಹೇಳ್ತಾರೆ?"

"ಟೋಪಿ ಹಾಕ್ಕೊಂಡು ಮನೆಗೆ ಹೋಗ್ತಾರೆ."

ಪಾಡ್ಮೋರ್ ಕುಳಿತುಕೊಂಡರು. ಅಂದು ಮಂಜು ಸರಿಯುವವರೆಗೆ ಕುಳಿತರು, ಮರುದಿನ ಬಂದು ಕುಳಿತರು. ಚಳಿಗಾಲ ಪೂರ್ತಿ ದಿನಾ ಮಧ್ಯಾಹ್ನ ಬಂದು, ಅವಳು ಹೊಸದಾಗಿ ಬರೆದದ್ದನ್ನು ಓದಿ, ಓದುವಾಗ ತಪ್ಪುತ್ತ, ಅವಳಿಂದ ತಿದ್ದಿಸಿಕೊಳ್ಳುತ್ತ ಕುಳಿತರು. ಬಿಳಿ ಕುದುರೆಯ ಒಡೆಯ, ಪಕ್ಕದೂರಿನ ವೈದ್ಯ, ಮರುದಿನವೇ ಬಂದು ಅದನ್ನು ಹಿಡಿದುಕೊಂಡು ಹೋಗಿದ್ದ.

ಮಾರ್ಚ್ ಕಳೆಯಿತು. ಏಪ್ರಿಲ್ ಇಪ್ಪತ್ತರಂದು ಹೆಸ್ಟರ್ ತೀರಿಕೊಂಡಳು. ಪ್ರಾರ್ಥನೆಯನ್ನು ಪಾಡ್ಮೋರ್ ಓದಿದರು. ಒಂದು ಅಕ್ಷರ ತಪ್ಪಲಿಲ್ಲ.

ಆ ತಿಂಗಳ ಕೊನೆಗೆ ಲಂಡನ್ನಿನಿಂದ ಮೂರನೆಯ ಭಾಗ ಬಂತು. ಅವರಿಗಿಂತ ಮೊದಲು ಅದನ್ನು ಓದಿದವಳು ಮಿಸೆಸ್ ಕ್ರೌಸನ್.

"ನೀವು ಮೊದಲನೇ ಪುಟದಲ್ಲೇ ಹೋಗ್ಬಿಟ್ಟಿದೀರಿ ಅಯ್ಯನೋರೆ," ಎಂದಳು, ಅವರ ಮೈಯನ್ನು ಮೇಲಿಂದ ಕೆಳಗೆ ಅನುಮಾನದಿಂದ ನೋಡುತ್ತ. "ಏರಿ ಪಕ್ಕದ ಕಾಲುವೇಲಿ. ಒಂದೇ ಬೂಟು ಸಿಕ್ತಂತೆ."

ಪಾಡ್ಮೋರ್ ಮುನ್ನೂರ ಹತ್ತು ಪುಟಗಳನ್ನೂ ಮಗುಚಿದರು. ಎರಡನೆಯ ಮಗಳು ಎಲ್ಲೂ ಇರಲಿಲ್ಲ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವರು ಲವಿನಿಯಾಳ ಹತ್ತಿರ ಹೋದರು.

"ಅವತ್ತು ನೀವು ಅಷ್ಟು ನಡುಗ್ತಿದ್ರಿ," ಎಂದಳು ಲವಿನಿಯಾ. "ಇದ್ದದ್ದು ಇದ್ದ ಹಾಗೆ ಹೇಳೋಕೆ ಅವಳಿಗೆ ಮನಸ್ಸು ಬರಲಿಲ್ಲ. ಆ ಹೊತ್ತಿಗೆ ಬಾಯಿಗೆ ಬಂದ ಸಾವು ಒಂದೇ, ತನ್ನದು. ವೈದ್ಯರು ಹಿಂದಿನ ವಾರ ಹೇಳಿ ಹೋಗಿದ್ರು."

ಪಾಡ್ಮೋರ್ ಪುಸ್ತಕವನ್ನು ಕಂಕುಳಿಂದ ತೆಗೆದು ಮೇಜಿನ ಮೇಲಿಟ್ಟರು.

"ಮತ್ತೆ ಆ ಎಂಬತ್ತು ವರ್ಷ?"

"ಅದು ಎಲ್ಲೂ ಬರೆದಿಲ್ಲ. ನೀವೇ ಬದುಕಿ ನೋಡಬೇಕು."

ಪಾಡ್ಮೋರ್ ಅವರಿಗೆ ಆಗ ಮೂವತ್ತೊಂದು.